ಏರಿಯಲ್ಲಿ ನೆಟ್ಟ ಸಲಿಕೆ

ರೈಮರ್ ಸೈಕಲ್ಲನ್ನು ಗೋಡೆಗೆ ಒರಗಿಸುವ ಗೋಜಿಗೆ ಹೋಗಲಿಲ್ಲ. ಅಂಗಳದಲ್ಲೇ ಬೀಳಲು ಬಿಟ್ಟು, ರಬ್ಬರ್ ಬೂಟಿನಲ್ಲಿ ದಪದಪ ಹೆಜ್ಜೆ ಹಾಕುತ್ತ ಕುರಿಕೊಟ್ಟಿಗೆಗೆ ನುಗ್ಗಿದ. ಅರವತ್ತು ದಾಟಿದವನು. ಎದುರುಗಾಳಿಗೆ ತುಳಿದುಕೊಂಡು ಬಂದು ಮುಖ ಕೆಂಡದ ಹಾಗೆ ಆಗಿತ್ತು.

"ಎಲ್ಲಿ? ಎಲ್ಲಿ ನೆಟ್ಟಿದ್ದೀಯ ಸಲಿಕೇನ?"

ತೆಲ್ಸೆ ಹುಲ್ಲಿನ ಮೇಲೆ ಮೊಣಕಾಲೂರಿ ಕೂತಿದ್ದಳು. ಎದುರಿಗೆ ಈಯಲು ಹವಣಿಸುತ್ತಿದ್ದ ಕುರಿಯೊಂದು ಮಲಗುತ್ತಿತ್ತು, ಏಳುತ್ತಿತ್ತು, ಕಾಲಿನಿಂದ ಹುಲ್ಲು ಕೆದರಿ ಮತ್ತೆ ಮಲಗುತ್ತಿತ್ತು. ಅವಳು ತಲೆ ಎತ್ತದೆ ಹೇಳಿದಳು: "ಮೊದ್ಲು ಬಾಗ್ಲು ಹಾಕು, ರೈಮರ್. ಗಾಳಿ ಬರ್ತಿದೆ."

"ಗಾಳಿಯಂತೆ ಗಾಳಿ! ಹೈಡೆಯ ಜಿಲ್ಲಾ ಕಚೇರಿಯಿಂದ ಫೋನು ಬಂದಿದೆ ನನಗೆ. 'ನಿಮ್ಮ ಕೋಗಿನಲ್ಲಿ ಒಬ್ಬ ಹೆಂಗಸು ಏರಿಗೆ ಸಲಿಕೆ ಹಾಕಿದಾಳಂತೆ, ತಾನೇ ಬರ್ಕೊಂಡಿದಾಳಂತೆ, ಏರಿ ಸಂಘದ ಅಧ್ಯಕ್ಷರಿಗೆ ಗೊತ್ತಿಲ್ವಾ' ಅಂತ. ಗೊತ್ತಿರೋದೇನು, ಅವಳು ನನ್ನ ತಂಗೀನೇ! ಈ ಚಂದಕ್ಕೆ ನಾನು ಏರಿಯಲ್ಲಿ ಇಲಿಬಿಲ ಹುಡುಕ್ಕೊಂಡು ಊರವರಿಗೆ ದಂಡ ಹಾಕ್ತಾ ತಿರುಗ್ತೀನಿ."

ಕೋಗು ಅಂದರೆ ಕಡಲಿಗೆ ಏರಿ ಕಟ್ಟಿ ಗೆದ್ದುಕೊಂಡ ನೆಲ; ಹಾರ್ಮ್ಸ್ ಕೋಗಿನ ನೆಲ ಕಡಲಿಗಿಂತ ತಗ್ಗು. ಉಬ್ಬರದ ಹೊತ್ತಿನಲ್ಲಿ ಕೋಸಿನ ಹೊಲದಲ್ಲಿ ನಿಂತವನಿಗೆ, ಹುಲ್ಲು ಹೊದ್ದ ಮಣ್ಣಿನ ಏರಿಯ ಆಚೆ ಹೋಗುವ ದೋಣಿಯ ತುದಿ ತನ್ನ ತಲೆಯ ಮೇಲೆ ತೇಲಿದಂತೆ ಕಾಣುತ್ತದೆ. ಅಂಥ ಏರಿಗೆ ಅಪ್ಪಣೆಯಿಲ್ಲದೆ ಯಾರೂ ಸಲಿಕೆ ತಾಕಿಸುವುದಿಲ್ಲ. ನಾಯಿ ಕೆರೆದ ಗುಂಡಿಗೂ ಅಲ್ಲಿ ವಿಚಾರಣೆ ನಡೆಯುತ್ತದೆ.

"ನಿಜವಾದ ಏರಿಯಲ್ಲ ಮಾರಾಯ," ಎಂದಳು ತೆಲ್ಸೆ. "ತೂಬಿನ ವಿಷಯ. ಗಣಕದ್ದು."

ರೈಮರ್‌ನ ಸಿಟ್ಟು ಇಳಿಯಲಿಲ್ಲ, ಆದರೆ ಅದು ಹೋಗಿ ಕೂರುವುದಕ್ಕೆ ಜಾಗ ಸಿಗದೆ ಹೋಯಿತು.

ಬಹಳ ವರ್ಷಗಳ ಹಿಂದೆ, ತೆಲ್ಸೆ ಇನ್ನೂ ಹೈಡೆಯ ಕಚೇರಿಯೊಂದರಲ್ಲಿ ಗಣಕದ ಕೆಲಸ ಮಾಡುತ್ತಿದ್ದಾಗ, ಒಂದು ಸಣ್ಣ ತಂತ್ರಾಂಶ ಬರೆದಿದ್ದಳು. ಕಚೇರಿಗಳ ಹಳೆಯ ಕಡತಗಳೆಲ್ಲ ಕಡಲಾಚೆಯ ಒಂದು ದೊಡ್ಡ ಕಂಪನಿಯ ತಂತ್ರಾಂಶದಲ್ಲಿ ಬರೆದವು. ಬೇರೆ ಕಡೆ ತೆರೆದರೆ ಸಾಲುಗಳು ಕಲಸಿಹೋಗುತ್ತಿದ್ದವು, ಅಂಕಿಗಳು ಕೋಷ್ಟಕದ ಪಕ್ಕದ ಮನೆಗೆ ಜಾರುತ್ತಿದ್ದವು. ತೆಲ್ಸೆಯ ಬರಹ ಆ ಹಳೆಯದನ್ನು ಒಂದು ಹನಿ ಚೆಲ್ಲದಂತೆ ಹೊಸದಕ್ಕೆ ಹರಿಸಿಬಿಡುತ್ತಿತ್ತು. ಅದಕ್ಕೆ ಅವಳು ತೂಬು ಎಂದೇ ಹೆಸರಿಟ್ಟಳು. ಬೀಗ ಹಾಕದೆ, ಬೇಕಾದವರು ಬಳಸಿ, ಬೇಕಾದವರು ಬಿಚ್ಚಿ ನೋಡಿ ಎಂದು ಅಂತರಜಾಲದಲ್ಲಿ ಇಟ್ಟಳು. ಆಮೇಲೆ ಅಪ್ಪ ತೀರಿಕೊಂಡ, ಕುರಿಗಳು ಅವಳ ಪಾಲಿಗೆ ಬಂದವು, ಕಚೇರಿ ಬಿಟ್ಟಳು. ತೂಬು ಮಾತ್ರ ಅವಳನ್ನು ಬಿಡಲಿಲ್ಲ.

ಈಚೆಗೆ ಕೀಲ್ ನಗರದಲ್ಲಿರುವ ರಾಜ್ಯ ಸರ್ಕಾರ, ಪರದೇಶದ ಕಂಪನಿಗಳ ಹಂಗು ಸಾಕು, ನಮ್ಮ ಕಡತ ನಮ್ಮ ಕೈಯಲ್ಲಿರಲಿ ಎಂದು ತೀರ್ಮಾನಿಸಿತು. ಭಾಷಣಗಳಲ್ಲಿ ಅದಕ್ಕೆ ಡಿಜಿಟಲ್ ಸಾರ್ವಭೌಮತ್ವ ಎಂಬ ದೊಡ್ಡ ಹೆಸರಿತ್ತು. ಪೊಲೀಸ್ ಠಾಣೆ, ನ್ಯಾಯಾಲಯ, ಶಾಲೆ, ಆಸ್ಪತ್ರೆ ಎಲ್ಲವೂ ಬೀಗವಿಲ್ಲದ ತಂತ್ರಾಂಶಕ್ಕೆ ಬದಲಾದವು. ಡೆನ್ಮಾರ್ಕಿನವರು ನೋಡಿ ಹೋದರು, ಫ್ರಾನ್ಸಿನವರು ನೋಡಿ ಹೋದರು. ಅಷ್ಟೂ ಕಡತಗಳು ಹಳೆಯ ಕಡೆಯಿಂದ ಹೊಸ ಕಡೆಗೆ ಬರಲು ಇದ್ದ ದಾರಿ ಒಂದೇ. ಅದು ಹಾರ್ಮ್ಸ್ ಕೋಗಿನಲ್ಲಿ, ಕುರಿಗಳ ನಡುವೆ ಮೊಣಕಾಲೂರಿ ಕೂತ ಈ ಹೆಂಗಸಿನ ಕೈಯಲ್ಲಿತ್ತು. ಅದಕ್ಕಾಗಿ ಅವಳಿಗೆ ಯಾರೂ ಸಂಬಳ ಕೊಡುತ್ತಿರಲಿಲ್ಲ.

ಹೋದ ವಾರ ಒಂದು ನ್ಯಾಯಾಲಯದ ಕಡತ ಸಿಕ್ಕಿಹಾಕಿಕೊಂಡಿತು. ಬೆಳಗಿಡೀ ಕೂತು ಅದನ್ನು ಬಿಡಿಸಿ ಕೊಟ್ಟಿಗೆಗೆ ಬಂದರೆ, ಅಡ್ಡ ತಿರುಗಿದ ಮರಿ ತಾಯಿಯ ಹೊಟ್ಟೆಯಲ್ಲೇ ಸತ್ತಿತ್ತು. ತೆಲ್ಸೆ ಕೈ ತೊಳೆದು ಒಳಗೆ ಹೋದಳು. ತೂಬಿನ ಪುಟದಲ್ಲಿ, ತನ್ನೂರಿನ ಮಾತಿನಲ್ಲಿ, ಒಂದೇ ಸಾಲು ಬರೆದಳು: 'ಏರಿಯಲ್ಲಿ ಸಲಿಕೆ ನೆಟ್ಟಿದ್ದೇನೆ.'

ಯಂತ್ರದ ಅನುವಾದದಲ್ಲಿ ಅದನ್ನು ಓದಿದ ಹೊರಗಿನವರು, ರಜೆಯ ಮೇಲೆ ಹೋಗಿದ್ದಾಳೆ, ತೋಟದ ಕೆಲಸ ಹಚ್ಚಿಕೊಂಡಿದ್ದಾಳೆ ಎಂದುಕೊಂಡರು. ಕೆಲವರು ಹೂವಿನ ಚಿತ್ರ ಕಳಿಸಿದರು. ಹೈಡೆಯ ಗುಮಾಸ್ತನೊಬ್ಬ ಅಪರಾಧ ಎಂದುಕೊಂಡ. ಅದರ ಅರ್ಥ ಗೊತ್ತಿದ್ದದ್ದು ತಗ್ಗು ನೆಲದಲ್ಲಿ ಹುಟ್ಟಿದವರಿಗೆ ಮಾತ್ರ. ಹಿಂದಿನ ಕಾಲದಲ್ಲಿ ಒಬ್ಬೊಬ್ಬ ರೈತನಿಗೂ ಏರಿಯ ಒಂದೊಂದು ತುಂಡಿನ ಪಾಲನೆಯ ಹೊಣೆ ಇರುತ್ತಿತ್ತು. ಇನ್ನು ಕೈಲಾಗದು ಎಂದಾದವನು ತನ್ನ ಪಾಲಿನ ತುಂಡಿನಲ್ಲಿ ಸಲಿಕೆ ನೆಟ್ಟು ನಡೆದುಬಿಡುತ್ತಿದ್ದ. ಆ ಸಲಿಕೆ ಕಿತ್ತವನಿಗೆ ಏರಿಯ ಕೆಲಸವೂ ಸೇರಿತು, ನೆಟ್ಟವನ ಹೊಲಮನೆಯೂ ಸೇರಿತು. ನೆಟ್ಟವನು ಮತ್ತೆ ಬಾಯಿ ತೆರೆಯುವಂತಿರಲಿಲ್ಲ. ಇವನು ಕೀಳಲಿ, ಅವನು ಬೇಡ ಎಂದು ಹೇಳುವ ಹಕ್ಕನ್ನು ಅವನು ಸಲಿಕೆಯ ಜೊತೆಗೇ ಹೂತಿರುತ್ತಿದ್ದ.

ರೈಮರ್ ಹುಲ್ಲಿನ ಮೂಟೆಯ ಮೇಲೆ ಕುಕ್ಕರಿಸಿದ. ಅವನ ದನಿ ತಗ್ಗಿತು.

"ನಮ್ಮ ಮುತ್ತಜ್ಜನ ಕಾಲದಲ್ಲೂ ಯಾರೂ ನೆಟ್ಟಿರಲಿಲ್ಲ ಕಣೇ."

"ನಾನು ನೆಟ್ಟೆ."

"ನನಗೊಂದು ಮಾತು ಹೇಳಬಾರದಿತ್ತಾ?"

"ಹೇಳಿದ್ರೆ ಏನು ಮಾಡ್ತಿದ್ದೆ? ನಿನಗೆ ಗಣಕದ ಇಲಿಗೂ ಹೊಲದ ಇಲಿಗೂ ವ್ಯತ್ಯಾಸ ಗೊತ್ತಿಲ್ಲ."

"ಗೊತ್ತು. ಒಂದಕ್ಕೆ ಬಾಲ ಇಲ್ಲ." ಅವನು ನಗಲಿಲ್ಲ. "ಯಾರಾದ್ರೂ ಕಿತ್ರಾ?"

ತೆಲ್ಸೆ ಕುರಿಯ ಹೊಟ್ಟೆಯ ಮೇಲೆ ಅಂಗೈ ಇಟ್ಟಳು. "ಡೀರ್ಕ್ ವೀಬೆನ್ ಬರೆದಿದಾನೆ. 'ನೋಡಿದೆ, ಕೀಳೋಕೆ ನಾನೇ ಬರ್ತೀನಿ' ಅಂತ. ಇವತ್ತು ಮಧ್ಯಾಹ್ನ."

ರೈಮರ್ ಎದ್ದು ನಿಂತ. ಡೀರ್ಕ್ ಪಕ್ಕದ ಕೋಗಿನವನು, ತೆಲ್ಸೆಯ ಸಹಪಾಠಿ. ಈಗ ಹ್ಯಾಂಬರ್ಗಿನಲ್ಲಿ, ಅದೇ ಕಡಲಾಚೆಯ ಕಂಪನಿಯಲ್ಲಿ ದೊಡ್ಡ ಹುದ್ದೆಯಲ್ಲಿದ್ದ.

"ಅಂದ್ರೆ, ಯಾರ ಬೀಗ ಬೇಡ ಅಂತ ಸರ್ಕಾರ ಇಷ್ಟೆಲ್ಲ ಕುಣೀತೋ, ಅವರ ಕೈಗೇ ತೂಬು?"

ಬೇಡ ಎನ್ನುವ ಹಕ್ಕು ತೆಲ್ಸೆಗೆ ಉಳಿದಿರಲಿಲ್ಲ. ಅವಳು ಎದ್ದು ಬಕೆಟ್ಟಿಗೆ ನೀರು ತುಂಬಿದಳು. ಅದು ತುಂಬಿಯೇ ಇತ್ತು, ನೀರು ಬೂಟಿನ ಮೇಲೆ ಹರಿಯಿತು.

ಮೊದಲು ಬಂದದ್ದು ಡೀರ್ಕ್ ಅಲ್ಲ, ಕೀಲ್‌ನಿಂದ ಫ್ರಾವ್ ತೀಸೆನ್, ಅಂದರೆ ಶ್ರೀಮತಿ ತೀಸೆನ್. ಸರ್ಕಾರದ ಗಣಕ ಇಲಾಖೆಯಲ್ಲಿ ತೂಬಿನಂಥ ಕೆಲಸಗಳಿಗೆ ಹಣ ಹಂಚುವ ಹೊಣೆ ಆಕೆಯದು. ಸಣ್ಣ ಕಾರಿನಿಂದ ಇಳಿದು, ಗಾಳಿಗೆ ಹಾರುವ ಕೂದಲನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈ ಚಾಚಿದಳು.

"ನನ್ನನ್ನ ಕ್ಷಮಿಸಬೇಕು ನೀವು. 'ರಜೆ ಸುಖವಾಗಿರಲಿ' ಅಂತ ಬರೆದವರಲ್ಲಿ ನಾನೂ ಒಬ್ಬಳು. ನಿನ್ನೆ ಊಟಕ್ಕೆ ಕೂತಾಗ ನಮ್ಮತ್ತೆಗೆ ಹೇಳ್ದೆ, ನೋಡಿ ಎಂಥ ಚಂದದ ಸಾಲು ಬರೆದಿದಾರೆ ಅಂತ. ಅವರು ಐಡರ್‌ಷ್ಟೆಟ್ ಕಡೆಯವರು, ಅದೂ ಇಂಥದೇ ತಗ್ಗು ನೆಲ. ಕೈಯಲ್ಲಿದ್ದ ಚಮಚ ಕೆಳಗಿಟ್ಟು, 'ಅಯ್ಯೋ ಪೆದ್ದಿ, ನಾಳೇನೇ ಹೊರಡು' ಅಂದ್ರು."

ರೈಮರ್ ಆಕೆಯ ಕೈ ಕುಲುಕಿದ. "ನಿಮ್ಮತ್ತೇನೇ ಇಲಾಖೆಗೆ ಹಾಕ್ಕೊಳ್ಳಬೇಕಿತ್ತು."

"ಅವರು ಬಂದ್ರೆ ಮೊದ್ಲು ನನ್ನನ್ನೇ ತೆಗೀತಾರೆ."

ಅಡುಗೆಮನೆಯ ಮೇಜಿನ ಮೇಲೆ ಕಾಫಿ, ಬೆಣ್ಣೆ ಕೇಕು. ತೆಲ್ಸೆ ಕೂರಲಿಲ್ಲ. ಒಮ್ಮೆ ಕಿಟಕಿಗೆ ಹೋದಳು, ಒಮ್ಮೆ ಒಲೆಯ ಹತ್ತಿರ ಬಂದಳು, ಬಟ್ಟಲುಗಳನ್ನು ಅತ್ತಿಂದಿತ್ತ ಸರಿಸಿದಳು. ಡೀರ್ಕ್ ಬಂದಾಗ ಬಾಗಿಲಲ್ಲೇ ಬೂಟು ಬಿಚ್ಚಿ, ಸಾಕ್ಸಿನ ಕಾಲಲ್ಲಿ ಒಳಬಂದು, ತನ್ನ ಹಳೆಯ ಜಾಗವೆಂಬಂತೆ ಒಲೆಯ ಪಕ್ಕದ ಬೆಂಚಿನ ಮೇಲೆ ಕೂತ. ತಲೆ ಬೋಳಾಗಿತ್ತು, ನಗು ಮಾತ್ರ ಶಾಲೆಯದೇ.

"ಮೋಯ್ನ್ ಎಲ್ಲರಿಗೂ. ರೈಮರ್, ನೀನಿನ್ನೂ ಬದುಕಿದ್ದೀಯಾ?"

"ನಿನ್ನ ಕಂಪನಿಯವರ ಅಪ್ಪಣೆ ಬರೋ ತನಕ ಇರೋಣ ಅಂತ."

ಡೀರ್ಕ್ ನಕ್ಕ. ಆಮೇಲೆ ತೆಲ್ಸೆಯ ಕಡೆ ತಿರುಗಿ ನೇರವಾಗಿ ಹೇಳಿದ: "ನೋಡು, ಕದಿಯೋಕೆ ಬಂದಿಲ್ಲ ನಾನು. ಬರಹ ಈಗ ಹೇಗೆ ತೆರೆದಿದೆಯೋ ಹಾಗೇ ಇರುತ್ತೆ. ಮೂರು ಜನರನ್ನ ಕೂರಿಸ್ತೀವಿ. ನಿನಗೆ ಬೇಕಾದ್ರೆ ನಿನಗೂ ಸಂಬಳ, ಇದೇ ಮನೆಯಿಂದ. ಬೇಡ ಅಂದ್ರೆ ಕುರಿ ಕಾಯಿ. ಇಷ್ಟು ವರ್ಷ ಇವರ್ಯಾರಾದ್ರೂ ಇಷ್ಟು ಕೊಡ್ತೀವಿ ಅಂದಿದಾರಾ?"

ಯಾರೂ ಅಂದಿರಲಿಲ್ಲ. ಅದು ಫ್ರಾವ್ ತೀಸೆನ್‌ಗೂ ಗೊತ್ತಿತ್ತು, ಅವಳ ಕತ್ತು ಕೆಂಪಾಯಿತು.

"ಬರಹ ತೆರೆದಿರುತ್ತೆ, ಸರಿ," ಎಂದಳು ಆಕೆ. "ಆದ್ರೆ ನಾಳೆ ನಿಮ್ಮ ಕಂಪನಿಯ ಕಡತದ ರೂಪ ಬದಲಾಗುತ್ತೆ ಅನ್ಕೊಳ್ಳಿ. ತೂಬನ್ನ ಅದಕ್ಕೆ ಹೊಂದಿಸೋದು ಯಾವಾಗ, ಎಷ್ಟು ಬೇಗ, ಹೊಂದಿಸೋದೋ ಬೇಡ್ವೋ, ಅದನ್ನ ತೀರ್ಮಾನ ಮಾಡೋರು ಯಾರು?"

"ಅಲ್ಲಿ ಕೂತ ಮೂರು ಜನ."

"ಅವರಿಗೆ ಸಂಬಳ ಕೊಡೋರು?"

ಡೀರ್ಕ್ ಕೇಕಿನ ಚೂರನ್ನು ಬಾಯಿಗೆ ಹಾಕಿಕೊಂಡ. "ಸುಳ್ಳು ಹೇಳಲ್ಲ. ನಾವೇ. ಹಾಗಾದ್ರೆ ನೀವೇ ಕೊಡಿ, ಫ್ರಾವ್ ತೀಸೆನ್. ನಾನು ಈಗಲೇ ಬೂಟು ಹಾಕ್ಕೊಂಡು ಹೋಗ್ತೀನಿ."

"ನನ್ನ ಹತ್ರ ಇರೋದು ಹೊಸತಕ್ಕೆ ಕೊಡೋ ಹಣ. ಹೊಸ ಯೋಜನೆ, ಹೊಸ ಸೌಲಭ್ಯ. ಇರೋದನ್ನ ಕೆಡದ ಹಾಗೆ ಕಾಯೋಕೆ ಅಂತ ಒಬ್ಬ ವ್ಯಕ್ತಿಗೆ ಕೊಡೋಕೆ ದಾರಿಯಿಲ್ಲ. ಹುಡುಕಿದೀನಿ, ನಂಬಿ."

ತೆಲ್ಸೆ ಮೊದಲ ಸಲ ನಕ್ಕಳು, ಅದರಲ್ಲಿ ಸಂತೋಷವಿರಲಿಲ್ಲ. "ಒಂದ್ಸಲ ಹೊಸತಕ್ಕೆ ಅಂತಾನೇ ತಗೊಂಡೆ. ತೂಬಿಗೆ ಮಾತು ಬರೋ ಹಾಗೆ ಮಾಡ್ದೆ. ಕಡತ ತೆರೆದ ಕೂಡ್ಲೇ 'ನಿಮ್ಮ ಕಡತ ಸಿದ್ಧವಾಗಿದೆ' ಅಂತ ಇಂಪಾಗಿ ಹೇಳ್ತಿತ್ತು. ಹಣ ಮುಗೀತು, ಮಾತು ಮುಗೀಲಿಲ್ಲ. ತೂಬು ಕೆಟ್ಟಾಗೆಲ್ಲ ಅದರ ಬಾಯೀನೂ ರಿಪೇರಿ ಮಾಡ್ಬೇಕಾಯ್ತು."

"ಏರಿಗೂ ಒಂದು ಬಾಯಿ ಇಡಿಸೋಣ," ಎಂದ ರೈಮರ್. "ಪ್ರವಾಹ ಬಂದಾಗ 'ಬಂತು' ಅನ್ನಲಿ."

ಎಲ್ಲರೂ ನಕ್ಕರು. ಆದರೆ ರೈಮರ್ ಆ ಮಾತನ್ನು ಅಲ್ಲಿಗೆ ಬಿಡಲಿಲ್ಲ. ಬಟ್ಟಲಿನಲ್ಲಿ ಚಮಚ ತಿರುಗಿಸುತ್ತ, ತನಗೆ ತಾನೇ ಹೇಳಿಕೊಳ್ಳುವವನಂತೆ ಮುಂದುವರಿಸಿದ: "ಏರಿಗೆ ವರ್ಷಾ ವರ್ಷಾ ಹೊಸದೇನೂ ಮಾಡಲ್ಲ ನಾವು. ಹುಲ್ಲು, ಕುರಿ, ಬಿಲ ಮುಚ್ಚೋದು, ಅಷ್ಟೆ. ಅದಕ್ಕೇ ಕೋಗಿನವರೆಲ್ಲ ಎಕರೆಗೆ ಇಷ್ಟು ಅಂತ ಕಟ್ತಾರೆ. ಸರ್ಕಾರಾನೂ ತನ್ನ ಪಾಲು ಹಾಕುತ್ತೆ."

ಫ್ರಾವ್ ತೀಸೆನ್ ಬಟ್ಟಲನ್ನು ಮೆಲ್ಲಗೆ ಕೆಳಗಿಟ್ಟಳು. "ಹಾಕೋದು ಯಾಕೆ ಅಂದ್ರೆ, ನಿಮ್ಮದು ಕಾನೂನಿನ ಪ್ರಕಾರ ಸಾರ್ವಜನಿಕ ಸಂಘ. ಅಂಥ ಸಂಘಕ್ಕೆ ನಿರ್ವಹಣೆಗೆ ಅಂತಾನೇ ವರ್ಷಾ ವರ್ಷಾ ಕೊಡಬಹುದು. ಒಬ್ಬರಿಗೆ ಆಗಲ್ಲ, ಸಂಘಕ್ಕೆ ಆಗುತ್ತೆ." ಆಕೆ ಅವನ ಮುಖವನ್ನೇ ನೋಡುತ್ತಿದ್ದಳು. "ತೂಬು ಒಂದು ಏರಿ ಸಂಘದ ಸ್ವತ್ತಾದ್ರೆ..."

"ನಿಲ್ಲಿ, ನಿಲ್ಲಿ. ನಮ್ಮನ್ನ ಯಾಕೆ ಎಳೀತೀರಿ ಇದಕ್ಕೆ?" ರೈಮರ್‌ನ ಕುರ್ಚಿ ಹಿಂದೆ ಸರಿದು ಕಿರುಗುಟ್ಟಿತು. "ಸಂಘದಲ್ಲಿರೋರು ಕೋಸು ಬೆಳೆಯೋರು. ಸಭೇಲಿ ನಾನು ಎದ್ದು ನಿಂತು, ಫ್ರಾನ್ಸಿನವರ ಕಡತ ನಾವು ಕಾಯೋಣ ಅಂದ್ರೆ, ಕೋಸುಗಡ್ಡೇಲಿ ಹೊಡೀತಾರೆ. ನೀವು ಬಜೆಟ್ಟಿನಲ್ಲಿ ಇಡ್ತೀರಿ ಅಂತ ಏನು ಖಾತ್ರಿ?"

"ಇವತ್ತು ಖಾತ್ರಿ ಇಲ್ಲ. ಮೇಲಿನವರನ್ನ ಒಪ್ಪಿಸಬೇಕು. ಒಪ್ಪಿಸ್ತೀನಿ ಅಂತ ಮಾತ್ರ ಹೇಳಬಲ್ಲೆ."

"ನೋಡಿದ್ರಾ!"

ಡೀರ್ಕ್ ಎರಡೂ ಕೈಯನ್ನು ಮೊಣಕಾಲ ಮೇಲೆ ಊರಿದ. "ಜಗಳ ಯಾಕೆ? ತೆಲ್ಸೆ, ನೀನೇ ಹೇಳು. ನಾನು ಕೀಳೋದು ಬೇಡ ಅನ್ನು, ನಾನು ಎದ್ದು ಹೋಗ್ತೀನಿ. ದೇವರಾಣೆ ಬೇಜಾರಿಲ್ಲ."

ಮೂವರೂ ಅವಳನ್ನು ನೋಡಿದರು. ತೆಲ್ಸೆ ಒಲೆಯ ಸರಳಿಗೆ ಬೆನ್ನು ಒತ್ತಿ ನಿಂತಿದ್ದಳು. ಡೀರ್ಕ್‌ಗೆ ಕೊಟ್ಟರೆ ತೂಬು ಆ ಬೀಗದವರ ಅಂಗಳ ಸೇರುತ್ತದೆ, ಇಷ್ಟು ವರ್ಷದ ದುಡಿಮೆ ಹೊರಟಲ್ಲಿಗೇ ಮರಳುತ್ತದೆ. ಯಾರೂ ಕೀಳದಿದ್ದರೆ ಇವತ್ತಲ್ಲ ನಾಳೆ ಒಂದು ಕಡೆ ಸೋರಿಕೆ ಶುರುವಾಗಿ ಯಾವುದೋ ಆಸ್ಪತ್ರೆಯ ಕಡತ ಕೊಚ್ಚಿಹೋಗುತ್ತದೆ. ಅಣ್ಣನ ಹೆಸರು ಅವಳ ನಾಲಿಗೆಯ ತುದಿಗೆ ಬಂದಿತ್ತು. ಒಂದು ಮಾತು ಸಾಕಿತ್ತು. ಕೇಳಿದರೆ ಅವನು ಗೊಣಗಿಕೊಂಡಾದರೂ ಹೂಂ ಅನ್ನುತ್ತಿದ್ದ, ಅದು ಅವಳಿಗೆ ಗೊತ್ತಿತ್ತು. ಆದರೆ ಹಾಗೆ ಕೇಳಿ ಕೊಟ್ಟದ್ದು ಅವಳದೇ ಆಗಿ ಉಳಿಯುತ್ತಿತ್ತು. ಪ್ರತಿಸಲ ಕೆಟ್ಟಾಗಲೂ ಅವನು ಅವಳ ಬಾಗಿಲಿಗೇ ಬರುತ್ತಿದ್ದ.

"ನಾನು ನೆಟ್ಟಾಗಿದೆ, ಡೀರ್ಕ್," ಎಂದಳು. "ನನ್ನ ಕೈಲಿ ಹೇಳೋಕಾಗಲ್ಲ."

"ಅದು ಹಳೇ ಕಾಲದ್ದು ಕಣೇ."

"ನೀನು ಆ ಹಳೇ ಕಾಲದ್ದನ್ನ ನಂಬ್ಕೊಂಡೇ ಹ್ಯಾಂಬರ್ಗಿಂದ ಬಂದೆ."

ರೈಮರ್ ಎದ್ದು ಹೊರಗೆ ಹೋದ.

ಕಿಟಕಿಯಿಂದ ಅವನು ಅಂಗಳದಲ್ಲಿ ಓಡಾಡುವುದು ಕಾಣುತ್ತಿತ್ತು. ಬಿದ್ದ ಸೈಕಲ್ಲನ್ನು ಎತ್ತಿ ನಿಲ್ಲಿಸಿದ. ಮತ್ತೆ ಕೊಟ್ಟಿಗೆಯ ಬಾಗಿಲವರೆಗೆ ಹೋಗಿ ಒಳಗೆ ಇಣುಕಿದ. ಏರಿಯ ಕಡೆ ತಿರುಗಿ, ಟೋಪಿ ತೆಗೆದು, ತಲೆ ಕೆರೆದು, ಟೋಪಿ ಹಾಕಿಕೊಂಡ. ಡೀರ್ಕ್‌ನ ಫೋನು ಮೇಜಿನ ಮೇಲೆ ಬುರಬುರ ಅಂದಿತು, ಅವನು ಅದನ್ನು ಮಗುಚಿ ಇಟ್ಟ. ತೆಲ್ಸೆ ಬಟ್ಟಲುಗಳನ್ನು ತೊಳೆಯಲು ತೆಗೆದಳು, ಅವುಗಳಲ್ಲಿ ಇನ್ನೂ ಕಾಫಿ ಇತ್ತು.

ರೈಮರ್ ಒಳಬಂದದ್ದು ಬೂಟಿನ ಕಾಲಲ್ಲೇ. ನೆಲದ ಮೇಲೆ ಕೆಸರಿನ ಅಚ್ಚು ಬಿತ್ತು.

"ಡೀರ್ಕ್, ನಮ್ಮಜ್ಜ ಹೇಳ್ತಿದ್ದ. ಸಲಿಕೆ ಕೀಳೋಕೆ ಮೊದಲ ಹಕ್ಕು ರಕ್ತಸಂಬಂಧಿಗೆ. ಅವನು ಬಿಟ್ರೆ ನೆರೆಯವನಿಗೆ. ಅವನೂ ಬಿಟ್ರೆ ಹೊರಗಿನವನಿಗೆ. ಹೌದೋ ಅಲ್ವೋ?"

"ನಮ್ಮಜ್ಜಾನೂ ಹಾಗೇ ಹೇಳ್ತಿದ್ದ."

"ಸರಿ ಹಾಗಾದ್ರೆ. ನಾನು ಕಿತ್ತೆ." ಅವನು ಉಸಿರು ಬಿಟ್ಟ. "ಸಂಘದ ಹೆಸರಲ್ಲಿ. ಸಂಘ ಒಪ್ಪದಿದ್ರೆ ನನ್ನ ಹೆಸರಲ್ಲಿ, ನನ್ನ ತಲೆ ಮೇಲೆ. ಫ್ರಾವ್ ತೀಸೆನ್, ನೀವು ಬಜೆಟ್ಟಿನಲ್ಲಿ ಇಡಿಸದಿದ್ರೆ ನಾನು ಸದಸ್ಯರನ್ನೆಲ್ಲ ಟ್ರಾಕ್ಟರಲ್ಲಿ ತುಂಬ್ಕೊಂಡು ನಿಮ್ಮ ಅತ್ತೆ ಮನೆಗೆ ಬರ್ತೀನಿ."

"ಕಚೇರಿಗೆ ಬನ್ನಿ ಸಾಕು," ಎಂದಳು ಆಕೆ. "ಅತ್ತೆ ನಿಮ್ಮ ಕಡೆ ಸೇರ್ಕೊಂಡುಬಿಡ್ತಾರೆ."

ಡೀರ್ಕ್ ಬಾಗಿಲಿಗೆ ಹೋಗಿ ಬಗ್ಗಿ ಬೂಟು ಹಾಕಿಕೊಳ್ಳತೊಡಗಿದ. "ನಮ್ಮವರಿಗೆ ಏನಂತ ಹೇಳಲಿ? ಒಬ್ಬ ಕೋಸು ಬೆಳೆಯೋನು ನನಗಿಂತ ಹತ್ತಿರದ ಸಂಬಂಧಿ ಆಗಿದ್ದ ಅಂತಲೇ?"

"ಹಾಗೇ ಹೇಳು," ಎಂದ ರೈಮರ್. "ಅವರಿಗೆ ತಲೆ ಬುಡ ಅರ್ಥ ಆಗಲ್ಲ, ನಿನ್ನ ಕೆಲ್ಸ ಉಳಿಯುತ್ತೆ."

ಡೀರ್ಕ್‌ನ ಕಾರು ಹೋದ ಮೇಲೆ ರೈಮರ್ ತಂಗಿಯ ಕಡೆ ತಿರುಗಿದ. ಈಗ ಅವನ ಮುಖದಲ್ಲಿ ಧೈರ್ಯ ಉಳಿದಿರಲಿಲ್ಲ. "ನೀನು ಇರ್ತೀಯ ತಾನೆ? ಸಂಬಳ ಸಂಘದಿಂದ. ತೂಬಿನ ಕಾವಲುಗಾತಿ ಅಂತ ಕಾಗದ ಮಾಡ್ಕೊಡ್ತೀನಿ."

ಹೂಂ ಎನ್ನಲು ಎಷ್ಟು ಸುಲಭವಿತ್ತು! ತೆಲ್ಸೆ ಇಲ್ಲವೆಂದು ತಲೆಯಾಡಿಸಿದಳು. "ನೆಟ್ಟವರು ಹೊರಡಬೇಕು, ರೈಮರ್. ನೀವು ಯಾರನ್ನ ಇಡ್ತೀರೋ ಅವರಿಗೆ ಎಲ್ಲಿ ಏನಿದೆ ಅಂತ ತೋರಿಸ್ತೀನಿ, ಬೇಸಿಗೆ ಮುಗಿಯೋವರೆಗೆ. ಆಮೇಲೆ ಇಲ್ಲ."

"ಹಟಮಾರಿ."

"ನಿನ್ನ ತಂಗಿ."

ಫ್ರಾವ್ ತೀಸೆನ್ ಸಾಕ್ಷಿಯಾಗಿ ಪಕ್ಕದಲ್ಲಿ ನಿಂತಿರಲು, ತೆಲ್ಸೆ ಗಣಕದ ಮುಂದೆ ಕೂತು ತೂಬಿನ ಒಡೆತನವನ್ನು ಏರಿ ಸಂಘದ ಹೆಸರಿಗೆ ಬದಲಾಯಿಸಿದಳು. ಕೊನೆಯ ಗುಂಡಿಯನ್ನೂ ಒತ್ತಿದಳು. ಅವಳ ಹೆಸರಿದ್ದ ಜಾಗದಲ್ಲಿ ಹಾರ್ಮ್ಸ್ ಕೋಗು ಎಂದು ಬಂತು. ಅವಳು ಎದ್ದಳು, ರೈಮರ್ ಆ ಕುರ್ಚಿಯಲ್ಲಿ ಕೂತ. ಕೂತನೋ ಇಲ್ಲವೋ, ಪರದೆಯ ಮೂಲೆಯಲ್ಲಿ ಒಂದು ಸಂದೇಶ ಎದ್ದಿತು.

ಅವನು ಕನ್ನಡಕ ಹುಡುಕಿ ಏರಿಸಿ, ಶಾಲೆಯ ಹುಡುಗನಂತೆ ಬೆರಳಿಟ್ಟು ಓದಿದ. ಆಸ್ಟ್ರಿಯಾದ ಯಾವುದೋ ಪುರಸಭೆಯವನು. ಕೋಷ್ಟಕದ ಅಂಚು ಸರಿಯಾಗಿ ಕಾಣುತ್ತಿಲ್ಲವಂತೆ, ಇವತ್ತು ಸಂಜೆಯೊಳಗೆ ಸರಿಯಾಗಲೇಬೇಕಂತೆ, ಹೀಗೆ ಬೇಜವಾಬ್ದಾರಿಯಿಂದ ನಡೆದುಕೊಂಡರೆ ಹೇಗೆ ಎಂದು ಕೊನೆಗೊಂದು ಮಾತು.

ತೆಲ್ಸೆಗೆ ಅದು ಎಲ್ಲಿ ತಪ್ಪಿದೆಯೆಂದು ಕೇಳುತ್ತಿದ್ದಂತೆಯೇ ಗೊತ್ತಾಯಿತು. ಕೈ ತಾನಾಗಿಯೇ ಮುಂದೆ ಹೋಯಿತು. ಅವಳು ಅದನ್ನು ಅಂಗಿಯ ಜೇಬಿಗೆ ತುರುಕಿದಳು.

ರೈಮರ್ ಎರಡು ಬೆರಳಲ್ಲಿ, ಒಂದೊಂದೇ ಅಕ್ಷರ ಹುಡುಕಿ ಕುಟ್ಟತೊಡಗಿದ. ಬರೆದು ಮುಗಿಸಿ ಗಟ್ಟಿಯಾಗಿ ಓದಿದ: "'ನಿಮ್ಮ ದೂರು ತಲುಪಿದೆ. ಸಂಘದ ಸಭೆ ಗುರುವಾರ. ಆಮೇಲೆ ತಿಳಿಸುತ್ತೇವೆ. ಇಂತು, ಅಧ್ಯಕ್ಷ.' ಸಾಕಲ್ವಾ?"

"ಗುರುವಾರ ಅಂತ ಬರೆದ್ರೆ..." ಎಂದಳು ತೆಲ್ಸೆ.

"ಏನಾಗುತ್ತೆ?"

ಏನಾಗುತ್ತದೆ ಎಂದು ಅವಳಿಗೂ ಗೊತ್ತಿರಲಿಲ್ಲ. ಇಷ್ಟು ವರ್ಷದಲ್ಲಿ ಅವಳು ಯಾರಿಗೂ ಗುರುವಾರ ಎಂದದ್ದೇ ಇಲ್ಲ. ರೈಮರ್ ಗುಂಡಿ ಒತ್ತಿ ಕಳಿಸಿದ. ತೆಲ್ಸೆ ಪರದೆಯನ್ನೇ ನೋಡುತ್ತ ನಿಂತಳು, ಈಗ ಏನಾದರೂ ಬೀಳುತ್ತದೆ, ಈಗ ಏನಾದರೂ ಒಡೆಯುತ್ತದೆ ಎಂದು. ಸ್ವಲ್ಪ ಹೊತ್ತಿಗೆ ಆಸ್ಟ್ರಿಯಾದಿಂದ ಉತ್ತರ ಬಂತು. ಒಂದೇ ಪದ: 'ಆಗಲಿ.'

ಅವಳು ಬೂಟು ಮೆಟ್ಟಿಕೊಂಡು ಅಂಗಳಕ್ಕೆ ಇಳಿದಳು. ಕೊಟ್ಟಿಗೆಯ ಕಡೆ ನಾಲ್ಕು ಹೆಜ್ಜೆ ಹಾಕಿ ತಡೆದು, ಹಿಂದಿರುಗಿ ಕಿಟಕಿಯತ್ತ ನೋಡಿದಳು. ಒಳಗೆ ಅಣ್ಣನ ಬೆನ್ನು ಕಾಣುತ್ತಿತ್ತು. ಕೊಟ್ಟಿಗೆಯೊಳಗಿಂದ ಈಯಲಿದ್ದ ಕುರಿ ಕೂಗಿತು. ಅವಳು ಓಡಿದಳು.